ಬೊಟ್ಟಿಟ್ಟ ಹೆಸರುಗಳು

ನಮ್ಮೂರಿನಲ್ಲಿ ಬೆಳಿಗ್ಗೆ ಹೆಸರು ಕೂಗಿಸಿಕೊಳ್ಳದವರು ಆ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ಮಾತು ಕೇಳಿಸುತ್ತದೆ, ಮುಟ್ಟಿದರೆ ಮೈ ಕೈಗೆ ಸಿಗುತ್ತದೆ, ಹಸಿವು ನಿದ್ದೆ ಎಲ್ಲ ಎಂದಿನಂತೆ. ಕಾಣುವುದಿಲ್ಲ, ಅಷ್ಟೆ. ಬೇರೆ ಊರಿನವರು ಇದನ್ನು ಕೇಳಿ ಮೂಗಿನ ಮೇಲೆ ಬೆರಳಿಡುತ್ತಾರೆ. ನಮಗೆ ಅದು ನಲ್ಲಿಯಲ್ಲಿ ನೀರು ಬಾರದ ದಿನದಂಥದ್ದು. ಗೊಣಗಿಕೊಂಡು ಹೇಗೋ ಸುಧಾರಿಸುತ್ತೇವೆ.

ಕೂಗುವ ಕೆಲಸ ಕೂಗಯ್ಯನವರದು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹನುಮಂತರಾಯಪ್ಪ ಎಂದು, ಆದರೆ ಅದು ಅವರಿಗೇ ಮರೆತುಹೋದಂತಿತ್ತು. ಆರೂವರೆಗೆ ಚೌಕದ ಕೂಗುಗಲ್ಲಿನ ಮೇಲೆ ನಿಂತು, ದಪ್ಪ ಪುಸ್ತಕ ಬಿಚ್ಚಿ, ಒಂದು ಬೀದಿಯಾದ ಮೇಲೆ ಇನ್ನೊಂದು ಬೀದಿ, ಒಂದು ಮನೆಯಾದ ಮೇಲೆ ಇನ್ನೊಂದು ಮನೆ ಎಂದು ಕೂಗುತ್ತಾ ಹೋಗುತ್ತಿದ್ದರು. ಹೆಂಡತಿಯ ಜೊತೆ ಜಗಳವಾಡಿದವರು ಹಿಂದಿನ ಸಂಜೆಯೇ ಎರಡು ಬಾಳೆಹಣ್ಣು ಹಿಡಿದು ಹೋಗಿ, "ಅಯ್ಯ, ನಾಳೆ ಒಂದಿನ ನನ್ನ ಹೆಸರು ನುಂಗ್ಬಿಡಿ" ಎಂದು ಕೇಳಿಕೊಳ್ಳುವುದುಂಟು. ಅವರು ಹಣ್ಣು ತಿಂದು ಹೆಸರನ್ನೂ ಕೂಗುತ್ತಿದ್ದರು. ಅಂಥ ಮನುಷ್ಯ.

ಒಬ್ಬರ ಹೆಸರನ್ನು ಒಂಟಿಯಾಗಿ ಕೂಗಿದರೆ ಫಲವಿಲ್ಲ. ಊರಿನ ಜೊತೆಗೇ ಕೂಗಬೇಕು. ಹೆಸರು ದಾಖಲೆಯಲ್ಲೂ ಇರಬೇಕು. ತಾಯಿ ಯಾರು, ಯಾವ ಬೀದಿ, ಮೈಮೇಲೆ ಎಲ್ಲಿ ಮಚ್ಚೆ, ಇಷ್ಟು ಬರೆದಿರದಿದ್ದರೆ ಕೂಗು ಹತ್ತುವುದಿಲ್ಲ. ನಮ್ಮ ಬೀದಿಯ ಒಬ್ಬ ಮದುಮಗ ಅವಸರದಲ್ಲಿ ಹೆಂಡತಿಯ ಹೆಸರನ್ನು ಪುಸ್ತಕದ ಅಂಚಿನಲ್ಲಿ ತಾನೇ ಗೀಚಿ ಬಂದಿದ್ದ. ವಾರವಿಡೀ ಅವರ ಮನೆಯಲ್ಲಿ ಸೌಟು ತನ್ನಷ್ಟಕ್ಕೆ ತಾನೇ ಓಡಾಡಿ ಬಡಿಸಿತು. ಅತ್ತೆ ಮಾತ್ರ, "ಸೊಸೆ ಲಕ್ಷಣವಾಗಿದ್ದಾಳೆ, ಕಣ್ಣಿಗೆ ಬೀಳಲ್ಲ" ಎಂದು ಹೇಳಿಕೊಂಡು ತಿರುಗಿದಳು.

ಎಳೆ ಮಕ್ಕಳ ಹೆಸರಿನದು ಇನ್ನೊಂದು ಪದ್ಧತಿ. ನಾಮಕರಣದ ದಿನ ಕೂಗಯ್ಯ ಹೆಸರು ಬರೆಯುವ ಮೊದಲು ದೀಪದ ಕಾಡಿಗೆಯಲ್ಲಿ ಕಿರುಬೆರಳು ಅದ್ದಿ ಹಾಳೆಯ ಮೇಲೊಂದು ಕಪ್ಪು ಚುಕ್ಕಿ ಇಡುತ್ತಿದ್ದರು. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವ ಹಾಗೆ ಹೆಸರಿಗೂ ಒಂದು ಬೊಟ್ಟು. ಇಡೀ ಊರಿನ ಕಿವಿಗೆ ಬೀಳುವ ಹೆಸರಿಗೆ ದೃಷ್ಟಿ ತಾಕದೆ ಇರುತ್ತದೆಯೇ? ಮಗು ಶಾಲೆಗೆ ಸೇರುವ ದಿನ ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದರು.

ಹೋದ ವರ್ಷ ಆ ಪುಸ್ತಕಕ್ಕೆ ಗೆದ್ದಲು ಹಿಡಿಯಿತು. ಕೂಗಯ್ಯನ ಗಂಟಲೂ ಅದೇ ಹೊತ್ತಿಗೆ ಕೈಕೊಟ್ಟು, ಪಿಸುಮಾತಷ್ಟೇ ಉಳಿಯಿತು. ಗಂಟಲಿಗೆ ಮೈಕು ಬಂತು, ಪುಸ್ತಕಕ್ಕೆ ಕಂಪ್ಯೂಟರ್ ಬಂತು. ಕಂಪ್ಯೂಟರಿಗೆ ನಾನು ಬಂದೆ. ನನ್ನ ಹೆಸರು ರತ್ನಮಾಲ, ಊರಿಗೆಲ್ಲ ಮಾಲಕ್ಕ. ಪಟ್ಟಣ ಪಂಚಾಯಿತಿ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತೆ. ಮದುವೆಯಾಗಲಿಲ್ಲ, ಬಾಯಿ ಜೋರು, ಯಾರೂ ಒಪ್ಪಲಿಲ್ಲ ಎಂದು ಜನ ಹೇಳುತ್ತಾರೆ. ನಾನೇ ಒಪ್ಪಲಿಲ್ಲ ಎಂಬುದು ನನ್ನ ಕಡೆಯ ಹೇಳಿಕೆ. ತಂಗಿ ವಾರಿಜ, ಅವಳ ಗಂಡ, ಅವರ ಎರಡೂವರೆ ವರ್ಷದ ಮಗಳು ಪಾರಿಜಾತ, ಇವರ ಜೊತೆ ಚೌಕದ ಎದುರಿನ ಒಂದೇ ಮನೆಯಲ್ಲಿದ್ದೇನೆ. ಪಾರಿ ನನ್ನನ್ನು "ದೊಮ್ಮ" ಎನ್ನುತ್ತಾಳೆ. ದೊಡ್ಡಮ್ಮ ಎನ್ನಲು ಅವಳಿಗೆ ಪುರುಸೊತ್ತಿಲ್ಲ.

ಟೈಪಿಂಗ್ ಕ್ಲಾಸಿನ ಮೂವರು ಹುಡುಗಿಯರನ್ನು ಕೂರಿಸಿ, ಗೆದ್ದಲು ತಿಂದು ಮುಗಿಸುವ ಮೊದಲು ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿದೆವು. ಒಬ್ಬೊಬ್ಬರಿಗೆ ಒಂದೊಂದು ಫೈಲು, ಅದಕ್ಕೆ ಅವರ ಹೆಸರು, ಪಕ್ಕದಲ್ಲಿ ತಾಯಿಯ ಹೆಸರು. ಎಲ್ಲ ಫೈಲುಗಳೂ ಒಂದೇ ಫೋಲ್ಡರಿನಲ್ಲಿ. "ಪುಸ್ತಕದಲ್ಲಿ ಹೆಂಗಿದ್ಯೋ ಹಂಗೇ ಟೈಪ್ ಮಾಡ್ಬೇಕು, ನಿಮ್ಮ ತಲೆ ಓಡಿಸ್ಬೇಡಿ" ಎಂದು ನಾನೇ ಗದರಿಸಿದ್ದೆ. ಪಾಪ, ಹಾಗೇ ಮಾಡಿದರು.

ದಿನಾ ಬೆಳಿಗ್ಗೆ ಆ ಫೋಲ್ಡರಿನಲ್ಲಿ ಯಾರ್ಯಾರ ಫೈಲಿದೆಯೋ ಅವರ ಹೆಸರೆಲ್ಲ ಕಾಗದದ ಮೇಲೆ ಬರಬೇಕು. ಅದಕ್ಕೊಂದು ಪ್ರೋಗ್ರಾಂ ಬೇಕಿತ್ತು. ತಲೆದಿಂಬಿನಷ್ಟು ದಪ್ಪದ ಪುಸ್ತಕ ತರಿಸಿ, ಮೂರು ತಿಂಗಳು ಕೂತು ಕಲಿತೆ. ಐವತ್ತೆರಡನೇ ವಯಸ್ಸಿನಲ್ಲಿ ಹೊಸ ಭಾಷೆ ಕಲಿಯುವುದೆಂದರೆ ಹಲ್ಲು ಬಿದ್ದ ಮೇಲೆ ಚಕ್ಕುಲಿ ತಿಂದಂತೆ, ಆದರೂ ಕಲಿತೆ. ಕೊನೆಗೆ ಬೇಕಾದದ್ದು ನಾಲ್ಕೇ ಸಾಲು. ಫೋಲ್ಡರ್ ಎಲ್ಲಿದೆ ಎನ್ನುವುದಕ್ಕೆ ಒಂದು ಸಾಲು, ಅದರೊಳಗಿನದನ್ನೆಲ್ಲ ತೆಗೆದುಕೋ ಎನ್ನುವುದಕ್ಕೆ ಒಂದು, ಅಕ್ಷರಮಾಲೆಯಂತೆ ಜೋಡಿಸು ಎಂದು ಇನ್ನೊಂದು, ಒಂದೊಂದಾಗಿ ಹೆಸರು ಬರೆ ಎಂದು ಕೊನೆಯದು. "ಎಲ್ಲ" ಎನ್ನುವುದಕ್ಕೆ ಆ ಭಾಷೆಯಲ್ಲಿ ನಕ್ಷತ್ರದ ಗುರುತು. ಆ ನಕ್ಷತ್ರ ಒತ್ತಿದ ದಿನ ಮನೆಯಲ್ಲಿ ಪಾಯಸ ಮಾಡಿಸಿದ್ದೆ. ನಮ್ಮ ಅಧ್ಯಕ್ಷರು ಅಂಬಣ್ಣನವರು. ಅಕ್ಷರಮಾಲೆಯಲ್ಲಿ ಜೋಡಿಸಿದರೆ ಇಡೀ ಊರಿಗೆ ತಾವೇ ಮೊದಲು ಎಂದು ತಿಳಿದಾಗ ಅವರಿಗೆ ಕಂಪ್ಯೂಟರ್ ಮೇಲೆ ಬಹಳ ಗೌರವ ಬಂತು.

ಮೊದಲ ಕೂಗಿಗೆ ಸಂತೆಯ ದಿನವನ್ನೇ ಗೊತ್ತು ಮಾಡಿದರು. ಬೆಳಿಗ್ಗೆ ಕಲ್ಲಿಗೆ ತೆಂಗಿನಕಾಯಿ ಒಡೆದು, ಕೂಗಯ್ಯನ ಕೈಗೆ ಹಾಳೆಗಳನ್ನು ಕೊಟ್ಟೆ. ಅವರು ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೆ ತಿರುಗಿಸಿ ನೋಡಿದರು. ಮತ್ತೊಮ್ಮೆ ತಿರುಗಿಸಿದರು.

"ಮಾಲಮ್ಮ, ಮಕ್ಕಳು ಯಾವ ಹಾಳೇಲಿದಾರೆ?" ಎಂದು ಪಿಸುಗುಟ್ಟಿದರು.

"ಎಲ್ಲಾರೂ ಇದಾರೆ ಅಯ್ಯ. ಜೋಡಣೆ ಬೇರೆ, ಅದಕ್ಕೆ ನಿಮಗೆ ಸಿಗ್ತಿಲ್ಲ. ಕಾಗದದಲ್ಲಿರೋದನ್ನ ಓದಿ ಸಾಕು, ನಿಮ್ಮ ಜ್ಞಾಪಕ ಇನ್ನು ಬೇಡ" ಎಂದೆ.

ಹಾಗೇ ಹೇಳಿದೆ. ಮೂವತ್ತೆಂಟು ವರ್ಷ ಊರನ್ನು ಕಣ್ಣಿಗೆ ಕಾಣಿಸಿದ ಮನುಷ್ಯನಿಗೆ ಹಾಗೆ ಹೇಳಿದ ನಾಲಿಗೆ ಇದೇ. ಅವರು ಮೈಕಿನ ಮುಂದೆ ನಿಂತು ಓದಿದರು. ಎಂಟು ಗಂಟೆಗೆ ಮುಗಿಯಿತು. ಅಧ್ಯಕ್ಷರು ನನ್ನ ಕೊರಳಿಗೆ ಹಾರ ಹಾಕುತ್ತಿದ್ದಾಗ, ಬೀದಿಯ ತುದಿಯಿಂದ ಒಬ್ಬ ಹೆಂಗಸು, ಆಮೇಲೆ ಇನ್ನೊಬ್ಬಳು, ಆಮೇಲೆ ಎಷ್ಟೋ ಜನ ಓಡಿಬಂದರು. ಕೆಲವರ ತೋಳು ಖಾಲಿ ಗಾಳಿಯನ್ನು ಎದೆಗೆ ಅವುಚಿಕೊಂಡಂತೆ ಮಡಿಚಿತ್ತು, ಆ ಗಾಳಿ ಅಳುತ್ತಿತ್ತು. ಉಳಿದವರ ಕೈಯಲ್ಲಿ ಏನೂ ಇರಲಿಲ್ಲ.

ಶಾಲೆಗೆ ಸೇರದ ಒಂದು ಮಗುವೂ ಆ ದಿನ ಕಂಡಿರಲಿಲ್ಲ. ಕೈಗೂಸುಗಳು ತೊಟ್ಟಿಲಲ್ಲಿ, ಮಡಿಲಲ್ಲಿ ಇದ್ದವು, ತಡವಿದರೆ ಸಿಕ್ಕವು. ಕಾಲು ಬಂದ ಮಕ್ಕಳ ಗತಿ? ವಾರಿಜ ಬಂದವಳು ನನ್ನ ಮುಂದೆ ನಿಂತು, ಹಾರವನ್ನು ನೋಡಿ, ನನ್ನನ್ನು ನೋಡಿದಳು.

"ಅಕ್ಕ, ಪಾರಿ ಮನೇಲಿಲ್ಲ. ಕೋಣೆ ಕೋಣೆ ತಡಕಿದೆ, ಕೂಗಿದ್ರೂ ಮಾತಾಡ್ತಿಲ್ಲ. ಬಾಗಿಲು ತೆರೆದಿತ್ತು" ಎಂದಳು. ಧ್ವನಿ ಏರಿಸಲಿಲ್ಲ. ನಾನು ಕೊರಳಿನ ಹಾರ ತೆಗೆದು ಕಲ್ಲಿನ ಮೇಲಿಟ್ಟೆ.

ಸಂತೆಯ ದಿನ. ಎತ್ತಿನ ಗಾಡಿಗಳೂ ಕಬ್ಬಿನ ಟ್ರ್ಯಾಕ್ಟರುಗಳೂ ಆಗಲೇ ಊರೊಳಗೆ ಬಂದಾಗಿತ್ತು. ಕಾಣದ ಒಂದು ಕೂಸು ಅವುಗಳ ನಡುವೆ ಎಲ್ಲೋ ಇತ್ತು; ಅದರಂಥವು ಇನ್ನೂ ಹತ್ತು ಹದಿನೈದು. ಆಗ ಸೊಪ್ಪು ಮಾರುವ ಗಿರಿಜವ್ವ, ತಲೆಯ ಮೇಲಿನ ಬುಟ್ಟಿ ಇಳಿಸದೆ, ಇದ್ದಲ್ಲೇ ನೆಲಕ್ಕೆ ಕೂತಳು. "ಯಾರೂ ಹೆಜ್ಜೆ ಎತ್ತಬೇಡ್ರಪ್ಪ. ಕೂತ್ಕಳಿ. ತುಳಿದುಬಿಟ್ಟೀರಿ" ಎಂದಳು. ಪಕ್ಕದವರು ಕೂತರು, ಅವರ ಪಕ್ಕದವರು ಕೂತರು. ಮಾತು ಬೀದಿಯಿಂದ ಬೀದಿಗೆ ಹೋಯಿತು. ಹೋಟೆಲಿನ ಮಾಣಿ ಲೋಟಗಳ ತಟ್ಟೆ ಹಿಡಿದೇ ಕೂತ. ಗಾಡಿಯವರು ನೊಗ ಇಳಿಸಿ ಎತ್ತು ಬಿಚ್ಚಿದರು, ಟ್ರ್ಯಾಕ್ಟರುಗಳು ಸುಮ್ಮನಾದವು. ಅರ್ಧ ಗಂಟೆಯಲ್ಲಿ ಇಡೀ ಊರು ಮಣ್ಣಿನಲ್ಲಿ ಕೂತಿತ್ತು.

ನಾನೂ ವಾರಿಜಳೂ ಅಧ್ಯಕ್ಷರೂ ಕೂಗಯ್ಯನೂ ಮಾತ್ರ, ನೆಲಕ್ಕೆ ಕಾಲು ಸವರಿಕೊಂಡು, ಆಫೀಸಿಗೆ ಬಂದೆವು. ಫೋಲ್ಡರ್ ತೆರೆದು ನೋಡಿದರೆ ಒಂದು ಮಗುವಿನ ಫೈಲೂ ಇಲ್ಲ. ಹುಡುಗಿಯರು ಆ ಹಾಳೆಗಳನ್ನೇ ಬಿಟ್ಟಿದ್ದಾರೆ, ಸಿಗಲಿ ಅವರು ಎಂದುಕೊಂಡೆ. ತಪ್ಪು ಇನ್ನೊಬ್ಬರದು ಎಂದು ತಿಳಿದಾಗ ಆಗುವ ಸಮಾಧಾನ ದೊಡ್ಡದು. ಎರಡು ನಿಮಿಷ ಅನುಭವಿಸಿದೆ. ಆಯಿತು, ಮೊದಲು ಪಾರಿಯ ಫೈಲು ಹೊಸದಾಗಿ ಮಾಡೋಣ ಎಂದು ಕೂತು 'ಪಾ' ಒತ್ತುವಷ್ಟರಲ್ಲಿ ವಾರಿಜ ಹಿಂದಿನಿಂದ ಕೈ ಹಿಡಿದಳು.

"ಬೊಟ್ಟಿಡು ಮೊದ್ಲು."

ಅಳಿಸಿ, ಚುಕ್ಕಿ ಒತ್ತಿ, ಪಾರಿಜಾತ ಎಂದು ಬರೆದು, ತಾಯಿ ವಾರಿಜ ಎಂದು ಸೇರಿಸಿ, ಉಳಿಸು ಎಂದೆ. ಕಂಪ್ಯೂಟರ್ ಕೇಳಿತು: ಈ ಹೆಸರಿನ ಫೈಲು ಇಲ್ಲಿ ಈಗಾಗಲೇ ಇದೆ. ಅದರ ಮೇಲೆ ಬರೆಯಲೇ?

ಮೂರು ಸಲ ಓದಿದೆ. ಫೋಲ್ಡರ್ ನೋಡಿದರೆ ಇಲ್ಲ. ಬರೆಯಹೋದರೆ ಇದೆ ಎನ್ನುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಗಿತ್ತು ನನ್ನ ಸ್ಥಿತಿ. "ವಾರಿ, ಇದಾಳೆ ಕಣೆ. ಇಲ್ಲೇ ಇದಾಳೆ, ಕಾಣ್ತಿಲ್ಲ ಅಷ್ಟೆ" ಎಂದೆ. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ನಾನು ದಪ್ಪ ಪುಸ್ತಕ ಎಳೆದು, ನಕ್ಷತ್ರದ ಪುಟ ತೆಗೆದೆ. ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು. ಮೂರು ತಿಂಗಳಲ್ಲಿ ಒಂದು ದಿನವೂ ನಾನದನ್ನು ಓದಿರಲಿಲ್ಲ. ಚುಕ್ಕಿಯಿಂದ ಶುರುವಾಗುವ ಹೆಸರಿನ ಫೈಲುಗಳನ್ನು ಯಂತ್ರ ಮರೆಯಲ್ಲಿಡುತ್ತದೆ, ನಕ್ಷತ್ರ ಅವುಗಳನ್ನು ಮುಟ್ಟುವುದಿಲ್ಲ ಎಂದು ಬರೆದಿತ್ತು.

ಹುಡುಗಿಯರು ಒಂದು ಹೆಸರನ್ನೂ ಬಿಟ್ಟಿರಲಿಲ್ಲ. ಪುಸ್ತಕದಲ್ಲಿದ್ದ ಬೊಟ್ಟನ್ನು ಇದ್ದ ಹಾಗೇ ಇಟ್ಟಿದ್ದರು. ಯಾರ ಕಣ್ಣೂ ತಾಕದಿರಲಿ ಎಂದು ನಾವು ಇಟ್ಟ ಬೊಟ್ಟನ್ನು ಯಂತ್ರ ನಮಗಿಂತ ಹೆಚ್ಚು ನಂಬಿ, ನಿಜವಾಗಿಯೂ ಯಾರ ಕಣ್ಣಿಗೂ ಬೀಳದಂತೆ ಮಾಡಿಬಿಟ್ಟಿತ್ತು. "ಎಲ್ಲ" ಎಂದರೆ ಎಲ್ಲ ಎಂದು ನಂಬಿ ಪಾಯಸ ತಿಂದವಳು ನಾನು.

"ಹಂಗಾದ್ರೆ ಚುಕ್ಕಿ ಅಳಿಸಿ ಬಿಸಾಕಮ್ಮ, ಮುಗೀತಲ್ಲ" ಎಂದರು ಅಂಬಣ್ಣನವರು. ಅವರ ಮಾತು ತಪ್ಪಲ್ಲ. ತಾಯಂದಿರಿಂದ ಒಂದೊಂದು ಹೆಸರು ಕೇಳಿ ಚುಕ್ಕಿ ತೆಗೆದರೆ ಆಗುತ್ತಿತ್ತು.

"ಅಳಿಸ್ಬೇಡ" ಎಂದಳು ವಾರಿಜ. "ನಿನ್ನ ಕಾಲಿಗೆ ಬೀಳ್ತೀನಿ ಅಕ್ಕ, ಅದೊಂದು ಮಾಡ್ಬೇಡ."

ಪಾರಿ ನನ್ನ ತಂಗಿಯ ಮೂರನೆಯ ಮಗು. ಮೊದಲನೆಯದು ಭರಣಿ, ಎಂಟು ತಿಂಗಳಿದ್ದಾಗ ಜ್ವರದಲ್ಲಿ ಹೋಯಿತು. ಎರಡನೆಯದು ವಸಂತ, ನಾಮಕರಣವಾದ ನಾಲ್ಕನೇ ದಿನಕ್ಕೆ. ಆಮೇಲೆ ಎಂಟು ವರ್ಷ ಅವಳ ಮಡಿಲು ತುಂಬಲಿಲ್ಲ. ಹಾಗಿದ್ದವಳ ಮಗುವಿನ ಬೊಟ್ಟನ್ನು ನಾನು ಯಾವ ಕೈಯಲ್ಲಿ ಅಳಿಸಲಿ? ಬೊಟ್ಟು ಕಾಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಇದೆ ಎಂಬ ಧೈರ್ಯದಲ್ಲಿ ಅವಳು ಎರಡೂವರೆ ವರ್ಷ ಕಣ್ಣು ಮುಚ್ಚಿ ಮಲಗಿದ್ದಳು ಎಂಬುದು ಗೊತ್ತು.

"ತಪ್ಪು ಮಾಡಿರೋದು ನನ್ನ ನಾಲ್ಕು ಸಾಲು, ಮಕ್ಕಳ ಹೆಸರಲ್ಲ. ಅದನ್ನೇ ತಿದ್ದುತೀನಿ, ಇರಿ" ಎಂದೆ.

ಹೇಳುವುದು ಸುಲಭ. ಮೂರು ಸಲ ತಪ್ಪು ಒತ್ತಿದೆ, ಮೂರು ಸಲವೂ ಯಂತ್ರ ಬೈದಿತು. ಹೊರಗೆ ಒಂದು ಊರು ಕಾದು ಕೂತಿತ್ತು. ಎಲ್ಲಿಂದಲೋ ಒಂದು ಎಳೆ ನಗು ಕೇಳಿ ವಾರಿಜ ಕಿಟಕಿಗೆ ಓಡಿದಳು, ಅದು ಪಾರಿಯದಲ್ಲ. ಪುಸ್ತಕದ ಮುಂದಿನ ಪುಟದಲ್ಲಿ ಇನ್ನೊಂದು ಆಜ್ಞೆ ಸಿಕ್ಕಿತು. ಇದಕ್ಕೆ ನಕ್ಷತ್ರ ಬೇಡ. ಫೋಲ್ಡರಿನಲ್ಲಿ ಏನೇನಿದೆಯೋ, ಮರೆಯಲ್ಲಿರುವುದೂ ಸೇರಿ, ಒಂದನ್ನೂ ಬಿಡದೆ ಒಪ್ಪಿಸು ಎನ್ನುವ ಆಜ್ಞೆ. ಎರಡನೇ ಸಾಲು ಅಳಿಸಿ ಅದನ್ನು ಬರೆದೆ. ಪ್ರಿಂಟರ್ ಕೆಮ್ಮಿ ಹಾಳೆ ಉಗುಳಿತು.

ಮೊದಲ ಸಾಲು: ಚುಕ್ಕಿ, ಉಮಾಪತಿ, ತಾಯಿ ಗಂಗಮ್ಮ. ಕೆಳಗೆ ಇನ್ನೊಂದು ಚುಕ್ಕಿ, ಅದರ ಕೆಳಗೆ ಇನ್ನೊಂದು. ಯಂತ್ರದ ಲೆಕ್ಕದಲ್ಲಿ ಚುಕ್ಕಿ ಅಕಾರಕ್ಕಿಂತ ಮುಂಚಿನದಂತೆ. ಮಕ್ಕಳೆಲ್ಲ ಸಾಲಾಗಿ ಊರಿನ ಮುಂದೆ ಬಂದು ನಿಂತಿದ್ದರು, ಅವರ ಹಿಂದೆ ಅಂಬಣ್ಣನವರು. ಅವರೇ ಬಗ್ಗಿ ನೋಡಿ, "ಇರ್ಲಿ ಬಿಡಿ, ಚಿಕ್ಕವರು" ಎಂದರು. ಪಾರಿಜಾತ ಎಂಬುದನ್ನು ಬೆರಳಿಟ್ಟು ಮುಟ್ಟಿದೆ. ಅವಳ ಕೆಳಗಿನ ಸಾಲಿಗೆ ಬೆರಳು ಇಳಿದಾಗ ಅಲ್ಲೇ ನಿಂತಿತು.

ಭರಣಿ, ತಾಯಿ ವಾರಿಜ. ಇನ್ನು ಸ್ವಲ್ಪ ಕೆಳಗೆ, ವಸಂತ, ತಾಯಿ ವಾರಿಜ.

ವಾರಿಜ ಆಗಲೇ ಬಾಗಿಲು ದಾಟಿದ್ದಳು. ಅವಳು ನೋಡುವ ಮೊದಲು ಹೊಡೆದುಹಾಕಬೇಕೆಂದು ಪೆನ್ನು ತೆಗೆದೆ. ಕೂಗಯ್ಯ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟರು.

"ಅವನ್ನ ನಾನು ದಿನಾ ಕೂಗ್ತಿದ್ದೆ ಕಣಮ್ಮ."

"ಹೋಗಿರೋ ಮಕ್ಕಳನ್ನ?"

"ಅಳಿಸ್ಬೇಡಿ ಅಯ್ಯ ಅಂತ ಕೇಳ್ಕೊಂಡ್ಲು. ಕೂಗಿದ್ರೆ ಯಾರಿಗೇನು ನಷ್ಟ? ನಿಮ್ಮನೆ ಹೆಸರುಗಳೆಲ್ಲ ಮುಗಿದ್ಮೇಲೆ, ಕೊನೇಲಿ, ಸಣ್ಣಕೆ ಕೂಗ್ತಿದ್ದೆ. ಅವಳು ಬಾಗಿಲಲ್ಲಿ ನಿಂತ್ಕೊಂಡು ಕೇಳಿಸ್ಕಳ್ಳೋಳು."

"ನಾನೂ ಅದೇ ಮನೇಲಿದ್ದೆನಲ್ಲ ಅಯ್ಯ. ಒಂದಿನಾನೂ ಕೇಳಿಸ್ಲಿಲ್ವಲ್ಲ."

"ನೀವು ನಿಮ್ಮ ಹೆಸರು ಬರ್ತಿದ್ದಂಗೆ ಒಳಗೆ ಹೋಗ್ತಿದ್ರಿ" ಎಂದರು. ಆಡಿಕೊಳ್ಳಲು ಹೇಳಿದ್ದಲ್ಲ, ಕಂಡದ್ದು ಹೇಳಿದರು. ನನಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಪೆನ್ನಿಗೆ ಮುಚ್ಚಳ ಹಾಕಿದೆ.

ಕೂಗಯ್ಯ ಕಲ್ಲು ಹತ್ತಿ ಮೈಕು ಹಿಡಿದರು. ನಾನು ಅದರ ಬುಡದಲ್ಲಿ ವಾರಿಜಳ ಪಕ್ಕ ನೆಲಕ್ಕೆ ಕೂತೆ, ಅಧ್ಯಕ್ಷರೂ ಬಿಳಿ ಪಂಚೆಯಲ್ಲೇ ಕೂತರು. "ಗಂಗಮ್ಮನ ಮಗ ಉಮಾಪತಿ" ಎಂದು ಆ ಪಿಸುಧ್ವನಿ ಊರ ತುಂಬ ಹರಡಿತು. ಕೂಸಿನ ಹೆಸರು ಬಂದಾಗ ಅದರ ಪರವಾಗಿ ತಾಯಿ ಓಗೊಡುವುದು ನಮ್ಮಲ್ಲಿ ವಾಡಿಕೆ. "ಓ" ಎಂದಳು ಗಂಗಮ್ಮ ಎಲ್ಲಿಂದಲೋ, ಅವಳ ಮಡಿಚಿದ ತೋಳಿನೊಳಗೆ ಒಂದು ಬೋಳು ತಲೆ ಕಂಡಿತು. ಒಂದು ಹೆಸರಿಗೆ ಒಂದು ಮಗು. ಒಂದು ಕೂಸು ಅಂಗಡಿಯ ತಕ್ಕಡಿಯಲ್ಲಿ ಕೂತು ತೂಗಾಡುತ್ತಿತ್ತು. ಇನ್ನೊಂದು, ಗಿರಿಜವ್ವ ಮಡಿಲಿಗಿಳಿಸಿಕೊಂಡಿದ್ದ ಬುಟ್ಟಿಗೆ ಕೈ ಹಾಕಿ ಕೊತ್ತಂಬರಿ ಮುಕ್ಕುತ್ತಿತ್ತು. ಅವಳು, "ತಿನ್ನಪ್ಪ, ತಿನ್ನು" ಎಂದು ಅಳುತ್ತಲೇ ನಗುತ್ತಿದ್ದಳು.

"ವಾರಿಜನ ಮಗಳು ಪಾರಿಜಾತ."

"ಓ" ಎಂದಳು ವಾರಿಜ, ಎದ್ದು ನಿಂತು. ನಾನೂ ಕತ್ತು ಚಾಚಿದೆ. ಸಂತೆಯ ಆಚೆ ತುದಿಯಲ್ಲಿ, ಮೂಟೆಗಳಿಂದ ತುಂಬಿದ್ದ ಗಾಡಿಯ ಕೆಳಗೆ, ಚಕ್ರಕ್ಕೆ ಬೆನ್ನು ಕೊಟ್ಟು ನಮ್ಮ ಪಾರಿ ಕೂತಿದ್ದಳು. ಹುಲ್ಲಿನ ಒಂದೊಂದೇ ಎಸಳನ್ನು ಎತ್ತಿನ ಮೂತಿಗೆ ಹಿಡಿಯುತ್ತಿದ್ದಳು. ಗಾಡಿಯಾತ ಪಕ್ಕದಲ್ಲೇ ನೊಗ ಇಳಿಸಿ ಕೂತಿದ್ದವನು, ಅವಳು ಕಂಡ ಕೂಡಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಗಾಡಿ ಒಂದು ಮೊಳ ಮುಂದೆ ಸರಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಇವತ್ತಿಗೂ ಯೋಚಿಸಲು ಹೋಗುವುದಿಲ್ಲ. ವಾರಿಜ ಕೂತವರನ್ನು ದಾಟಿಕೊಂಡು ಓಡಿದಳು. ಸೊಂಟಕ್ಕೇರಿಸಿಕೊಂಡು ಬಂದು, ಕಲ್ಲಿನ ಬುಡದಲ್ಲಿ ಕುಸಿದು ಕೂತು, ಅವಳ ಕತ್ತಿನಲ್ಲಿ ಮುಖ ಹುದುಗಿಸಿದಳು. "ದೊಮ್ಮ, ಎತ್ತು ನಂಗೆ ನೆಕ್ತು" ಎಂದು ಪಾರಿ ಅಂಗೈ ತೋರಿಸಿದಳು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಅವರು ಬಂದು ಕೂರುವವರೆಗೆ ಕೂಗಯ್ಯ ಕಾದಿದ್ದರು. ಆಮೇಲೆ ಮೈಕಿಗೆ ಬಾಯಿ ಇನ್ನೂ ಹತ್ತಿರ ತಂದು, ಎಲ್ಲರ ಹೆಸರಿನಷ್ಟೇ ಸ್ಪಷ್ಟವಾಗಿ ಕೂಗಿದರು.

"ವಾರಿಜನ ಮಗಳು ಭರಣಿ."

ವಾರಿಜ ತಲೆಯೆತ್ತಿದಳು. ಇಷ್ಟು ವರ್ಷ ಬಾಗಿಲ ಮರೆಯಲ್ಲಿ ನಿಂತು ತನಗೆ ಮಾತ್ರ ಕೇಳುವಂತೆ ಓಗೊಟ್ಟವಳಿಗೆ ಇಡೀ ಊರಿನ ಎದುರು ಬಾಯಿ ಬರಲಿಲ್ಲ. ಕೂತ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏಳಲಿಲ್ಲ. ಕೂಗಯ್ಯ ಮುಂದಿನ ಹೆಸರಿಗೆ ಹೋಗದೆ ನಿಂತೇ ಇದ್ದರು.

"ಓ" ಎಂದೆ ನಾನು.

ವಾರಿಜ ನನ್ನ ಕಡೆ ತಿರುಗಿದಳು. ಪಾರಿಯನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿ, ಜರುಗಿ ನನಗೆ ಒತ್ತಿಕೊಂಡು ಕೂತಳು. ಕೂಗಯ್ಯ ಮುಂದಿನ ಮಕ್ಕಳ ಹೆಸರು ಓದಿದರು, ಆಯಾ ತಾಯಂದಿರು ಓಗೊಟ್ಟರು. ವಸಂತನ ಹೆಸರು ಬಂದಾಗ ನಾವಿಬ್ಬರೂ ಒಟ್ಟಿಗೇ ಓ ಎಂದೆವು.